ಇಲಿಯ ಬೆನ್ನ ಮೇಲೆ ಬೆರಳಿನ ಓಟ

ಬೇಸಿಗೆ ರಜೆಯ ಮಧ್ಯಾಹ್ನ. ಹೊಳೆನರಸೀಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಳ್ಳಿಮೈಸೂರಿನಂಥ ಊರಿನಲ್ಲಿ ಆ ಹೊತ್ತಿಗೆ ಬೀದಿ ಬಿಕೋ ಎನ್ನುತ್ತಿರುತ್ತದೆ. ನಡುಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತ ಅಜ್ಜಿಗೆ ಒಳಕೋಣೆಯಿಂದ ಎಡೆಬಿಡದ ಟಕಟಕ ಸದ್ದು ಕೇಳಿಸುತ್ತದೆ. ‘ಏನ್ಲಾ ಮಗಾ ಅದು, ಹಲ್ಲಿ ಲೊಚಗುಟ್ದಂಗೆ?’ ಎಂದರೆ ಒಳಗಿನಿಂದ ಉತ್ತರವಿಲ್ಲ. ಒಂಬತ್ತನೇ ತರಗತಿಯ ಮೊಮ್ಮಗ ಉಸಿರು ಬಿಗಿಹಿಡಿದು ಕುಳಿತಿದ್ದಾನೆ. ಹತ್ತು ಸೆಕೆಂಡು ಮುಗಿಯುವುದರೊಳಗೆ ಕಂಪ್ಯೂಟರ್ ಮೌಸಿನ ಗುಂಡಿಯನ್ನು ನೂರು ಸಲ ಒತ್ತಬೇಕು. ಎಣಿಕೆ ತೊಂಬತ್ತೆರಡಕ್ಕೆ ನಿಂತಿದೆ. ಕೈ ಝಾಡಿಸಿಕೊಂಡು ಮತ್ತೆ ಶುರು.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ಹುಡುಗರಿಗೆ ಈ ಲೆಕ್ಕದ ಹೆಸರು ಚೆನ್ನಾಗಿ ಗೊತ್ತು: ‘ಸಿಪಿಎಸ್’. ಅಂದರೆ ಒಂದು ಸೆಕೆಂಡಿಗೆ ಎಷ್ಟು ಕ್ಲಿಕ್ ಎಂಬ ಎಣಿಕೆ. ಕ್ರಿಕೆಟ್ಟಿನಲ್ಲಿ ಸ್ಟ್ರೈಕ್ ರೇಟ್ ಇದ್ದಂತೆ. ಆರು ಎಂದರೆ ಸಾಮಾನ್ಯ, ಹತ್ತು ಎಂದರೆ ಪರವಾಗಿಲ್ಲ, ಹದಿನೈದು ಎಂದರೆ ಗೆಳೆಯರ ಗುಂಪಿನಲ್ಲಿ ಮರ್ಯಾದೆ. ದೊಡ್ಡವರಿಗೆ ಇದು ಹುಚ್ಚಾಟದಂತೆ ಕಾಣುವುದು ಸಹಜ. ಆದರೆ ಬೆರಳನ್ನು ಎಷ್ಟು ವೇಗವಾಗಿ ಆಡಿಸಬಹುದು, ಆಡಿಸಿ ಕೈ ಕೆಡದಂತೆ ಹೇಗೆ ಉಳಿಸಿಕೊಳ್ಳಬಹುದು ಎಂಬ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಅದಕ್ಕೆ ಉತ್ತರ ಕಂಡುಕೊಂಡವರು ಹಾಸನ ಜಿಲ್ಲೆಯಲ್ಲೇ ಇದ್ದಾರೆ. ಅವರ ಕೈಯಲ್ಲಿದ್ದುದು ಮೌಸ್ ಅಲ್ಲ, ಅಷ್ಟೆ.

ಒಂದು ಬೆರಳಿನ ಮಿತಿ

ಮೊದಲು ಸಹಜ ವೇಗದ ಲೆಕ್ಕ. ನರರೋಗ ತಜ್ಞರು ಬಹಳ ಕಾಲದಿಂದ ಬಳಸುತ್ತಿರುವ ಒಂದು ಸರಳ ಪರೀಕ್ಷೆಯಿದೆ. ಅಂಗೈಯನ್ನು ಹಲಗೆಯ ಮೇಲೆ ಊರಿ, ತೋರುಬೆರಳಿನಿಂದ ಮಾತ್ರ ಒಂದು ಸನ್ನೆಯನ್ನು ಹತ್ತು ಸೆಕೆಂಡು ಕಾಲ ಆದಷ್ಟು ಬೇಗ ಕುಟ್ಟಬೇಕು. ಆರೋಗ್ಯವಂತ ವಯಸ್ಕರು ತಮ್ಮ ಬಳಕೆಯ ಕೈಯಲ್ಲಿ ಸುಮಾರು ಐವತ್ತು ಪೆಟ್ಟು ಹಾಕುತ್ತಾರೆ. ಸೆಕೆಂಡಿಗೆ ಐದು. ಮೌಸಿನ ಗುಂಡಿ ಹಗುರವಾದ್ದರಿಂದ, ಹುಡುಗರ ಬೆರಳು ಚುರುಕಾದ್ದರಿಂದ ಆರೇಳಕ್ಕೆ ಏರಬಹುದು.

ಅದಕ್ಕಿಂತ ಮೇಲೇಕೆ ಹೋಗುವುದಿಲ್ಲ? ಬೆರಳನ್ನು ಒತ್ತುವುದು ಸುಲಭ, ಎತ್ತುವುದು ನಿಧಾನ. ಬೆರಳನ್ನು ಬಗ್ಗಿಸುವ ಮತ್ತು ಎತ್ತುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಣಕೈಯ ಕೆಳಗಿನ ತೋಳಿನಲ್ಲಿವೆ. ಅಲ್ಲಿಂದ ಹಗ್ಗದಂಥ ನರಗಟ್ಟುಗಳು ಮಣಿಕಟ್ಟನ್ನು ದಾಟಿ ಬೆರಳ ತುದಿಗೆ ಬರುತ್ತವೆ. ತೊಗಲುಗೊಂಬೆಯವನು ತೆರೆಯ ಹಿಂದಿನಿಂದ ಕಡ್ಡಿ ಆಡಿಸಿದ ಹಾಗೆ. ಒಂದು ಸ್ನಾಯು ಎಳೆಯುವಾಗ ಎದುರಿನದು ಸಡಿಲವಾಗಬೇಕು. ಮರುಕ್ಷಣ ಪಾತ್ರ ಅದಲುಬದಲು. ಈ ಅದಲುಬದಲಿಗೆ ಹೊತ್ತು ಬೇಕು.

ಇಷ್ಟು ತಿಳಿದರೆ ಆಟಗಾರರ ಕಸರತ್ತುಗಳೆಲ್ಲ ಅರ್ಥವಾಗುತ್ತವೆ. ಎಲ್ಲವೂ ಈ ಒಂದು ಮಿತಿಯನ್ನು ಯಾವುದಾದರೊಂದು ಒಳದಾರಿಯಿಂದ ದಾಟುವ ಪ್ರಯತ್ನಗಳು.

ಚಾಲ್ತಿಯಲ್ಲಿರುವ ಒಳದಾರಿಗಳು ಮೂರು. ಮೊದಲನೆಯದು ‘ಜಿಟರ್’, ಅಂದರೆ ನಡುಕ. ತೋಳನ್ನು ಕಲ್ಲಿನಂತೆ ಬಿಗಿ ಮಾಡಿ, ಮಣಿಕಟ್ಟನ್ನು ಸೆಟೆಸಿ, ಆ ಬಿಗಿತದಿಂದ ಹುಟ್ಟುವ ನಡುಕವನ್ನೇ ಬೆರಳ ತುದಿಗೆ ಇಳಿಸುವುದು. ಇಲ್ಲಿ ಬೆರಳು ಪ್ರತಿ ಸಲವೂ ಅಪ್ಪಣೆ ಪಡೆದು ಏಳುವುದಿಲ್ಲ, ಕೈಯೇ ಕಂಪಿಸುತ್ತದೆ. ಎಲ್ಲರ ಕೈಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ನಡುಕ ಇದ್ದೇ ಇರುತ್ತದೆ, ಸೆಕೆಂಡಿಗೆ ಸುಮಾರು ಎಂಟರಿಂದ ಹನ್ನೆರಡು ಸಲ. ಭಾರ ಹೊತ್ತಾಗ, ಸಿಟ್ಟು ಬಂದಾಗ ಅದು ಕಣ್ಣಿಗೂ ಕಾಣುತ್ತದೆ. ನಡುಕದ ಒತ್ತಿನವರು ಮುಟ್ಟುವ ವೇಗವೂ ಹೆಚ್ಚುಕಡಿಮೆ ಅಷ್ಟೇ: ಹತ್ತು, ಹನ್ನೆರಡು, ತಪ್ಪಿದರೆ ಹದಿನಾಲ್ಕು.

ಎರಡನೆಯದು ‘ಬಟರ್‌ಫ್ಲೈ’, ಚಿಟ್ಟೆ. ಒಂದೇ ಗುಂಡಿಯ ಮೇಲೆ ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಇಟ್ಟು ಒಂದಾದ ಮೇಲೊಂದರಂತೆ ಕುಟ್ಟುವುದು. ಒಂದು ಏಳುವಾಗ ಇನ್ನೊಂದು ಇಳಿಯುತ್ತದೆ. ಚಿಟ್ಟೆ ರೆಕ್ಕೆ ಬಡಿದಂತೆ ಕಾಣುವುದರಿಂದ ಆ ಹೆಸರು. ತಲಾ ಆರೇಳು ಪೆಟ್ಟು ಹಾಕಿದರೂ ಕೂಡಿ ಹನ್ನೆರಡು, ಹದಿನಾಲ್ಕು ಆಯಿತು. ಪಳಗಿದವರು ಇನ್ನೂ ಮೇಲಕ್ಕೆ ಹೋಗುತ್ತಾರೆ.

ಮೂರನೆಯದು ‘ಡ್ರ್ಯಾಗ್’. ಇದರಲ್ಲಿ ಒತ್ತುವುದೇ ಇಲ್ಲ. ಗುಂಡಿಯ ಮೇಲೆ ಬೆರಳನ್ನು ಒರೆಸಿಕೊಂಡು ಎಳೆಯುವುದು. ಒರಟು ಮೈಯ ಮೇಲೆ ಬೆರಳು ಅಂಟಿ, ಜಾರಿ, ಮತ್ತೆ ಅಂಟಿ, ಮತ್ತೆ ಜಾರುವಾಗ ಗುಂಡಿ ತಾನಾಗಿ ಅದುರುತ್ತದೆ. ಒಂದೇ ಎಳೆತಕ್ಕೆ ಇಪ್ಪತ್ತು ಮೂವತ್ತು ಕ್ಲಿಕ್ ಬೀಳುವುದುಂಟು. ಹೊಸ ವಿದ್ಯೆಯಂತೆ ತೋರುವ ಇದರ ಭೌತಶಾಸ್ತ್ರ ಹಳೆಯದೇ. ಪಿಟೀಲಿನ ತಂತಿಯ ಮೇಲೆ ಕಮಾನು ಹಾಡಿಸುವುದು ಹೀಗೆಯೇ. ಊರ ಜಾತ್ರೆಯಲ್ಲಿ ಉರುಮೆಯವರು ಬಾಗಿದ ಕಡ್ಡಿಯನ್ನು ಚರ್ಮದ ಮೇಲೆ ತೀಡಿ ‘ಗುಂಯ್’ ಎನ್ನಿಸುವುದೂ ಹೀಗೆಯೇ. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟುವುದಕ್ಕೂ ಕಾರಣ ಅದೇ.

ಇದರಲ್ಲೊಂದು ಗುಟ್ಟೂ ಇದೆ. ಮೌಸಿನ ಗುಂಡಿಯ ಕೆಳಗಿರುವುದು ಲೋಹದ ಸಣ್ಣ ನಾಲಗೆಯ ಸ್ವಿಚ್ಚು. ಒಂದು ಸಲ ಒತ್ತಿದರೆ ಆ ನಾಲಗೆ ಒಂದೇ ಸಲ ತಾಗಿ ನಿಲ್ಲುವುದಿಲ್ಲ, ನೆಲಕ್ಕೆ ಬಿದ್ದ ಚೆಂಡಿನಂತೆ ನಾಲ್ಕಾರು ಬಾರಿ ಪುಟಿಯುತ್ತದೆ. ಈ ಪುಟಿತವನ್ನು ಬೇರೆ ಬೇರೆ ಒತ್ತುಗಳೆಂದು ತಿಳಿಯಬಾರದೆಂದು ಮೌಸಿನೊಳಗಿನ ತಂತ್ರಾಂಶ ಕೆಲವು ಮಿಲಿಸೆಕೆಂಡು ಕಾದು ನೋಡುತ್ತದೆ. ಕೆಲವು ಆಟದ ಮೌಸ್‌ಗಳಲ್ಲಿ ಈ ಕಾಯುವ ಅವಧಿಯನ್ನು ತಗ್ಗಿಸಬಹುದು. ಆಗ ಒಂದು ಒತ್ತು ಎರಡಾಗಿ ಎಣಿಕೆಯಾಗುತ್ತದೆ. ಹುಡುಗ ‘ಇಪ್ಪತ್ತೈದು ಹೊಡೆದೆ’ ಎಂದು ಬೀಗುವಾಗ ಅದರಲ್ಲಿ ಅವನ ಪಾಲೆಷ್ಟು, ಸ್ವಿಚ್ಚಿನ ಪಾಲೆಷ್ಟು ಎಂದು ಕೇಳುವುದು ನ್ಯಾಯ.

ಆಟ ಎಷ್ಟನ್ನು ಲೆಕ್ಕಕ್ಕೆ ಹಿಡಿಯುತ್ತದೆ?

ಇಷ್ಟೆಲ್ಲ ಕಸರತ್ತು ಯಾವ ಆಟಕ್ಕಾಗಿ? ಬಹುಪಾಲು ‘ಮೈನ್‌ಕ್ರಾಫ್ಟ್’ ಎಂಬ ಆಟಕ್ಕಾಗಿ. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಮೊದಲು ಹೊರಬಿಟ್ಟು, 2011ರಲ್ಲಿ ಪೂರ್ಣಗೊಂಡ ಈ ಆಟ ಮೂಲತಃ ಇಟ್ಟಿಗೆ ಪೇರಿಸಿ ಊರು ಕಟ್ಟುವ ಆಟ. ಆದರೆ ಆಟಗಾರರು ಒಬ್ಬರ ಮೇಲೊಬ್ಬರು ಕತ್ತಿ ಬೀಸುವ ಕಾಳಗವೂ ಅದರೊಳಗಿದೆ. ಒಂದು ಕ್ಲಿಕ್ಕಿಗೆ ಒಂದು ಏಟು. ಬೇಗ ಒತ್ತಿದವನೇ ಬಲಶಾಲಿ ಎಂಬ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಆ ನಂಬಿಕೆ ಅರ್ಧ ಮಾತ್ರ ನಿಜ. ಆಟದ ಒಳಗಿನ ಗಡಿಯಾರ ಸೆಕೆಂಡಿಗೆ ಇಪ್ಪತ್ತು ಸಲ ಬಡಿಯುತ್ತದೆ. ಒಂದು ಏಟು ತಿಂದವನಿಗೆ ಹತ್ತು ಬಡಿತ, ಅಂದರೆ ಅರ್ಧ ಸೆಕೆಂಡು, ಅದೇ ಬಲದ ಮತ್ತೊಂದು ಏಟು ತಾಗುವುದಿಲ್ಲ. ಹೀಗಾಗಿ ಸೆಕೆಂಡಿಗೆ ಹದಿನೈದು ಸಲ ಒತ್ತಿದರೂ ಲೆಕ್ಕಕ್ಕೆ ಬರುವುದು ಎರಡೇ ಏಟು. ಹಾಗಾದರೆ ವೇಗದಿಂದ ಏನು ಲಾಭ? ಆ ಅರ್ಧ ಸೆಕೆಂಡು ಮುಗಿದ ಮರುಗಳಿಗೆಯೇ ಮುಂದಿನ ಏಟು ಬೀಳುತ್ತದೆ. ಲಾಭ ಅಷ್ಟೇ. ಆರು ಕ್ಲಿಕ್ಕಿನವನಿಗೂ ಹದಿನೈದರವನಿಗೂ ನಡುವೆ ಇರುವುದು ಕೂದಲೆಳೆಯ ಅಂತರ. ಗುರಿ ತಪ್ಪಿದರೆ ಅದೂ ಇಲ್ಲ. ನಡುಗುವ ಕೈಯಲ್ಲಿ ಗುರಿ ನಿಲ್ಲುವುದು ಕಷ್ಟವೆಂದು ಬೇರೆ ಹೇಳಬೇಕಿಲ್ಲ.

2016ರ ಫೆಬ್ರುವರಿ 29ರಂದು ಬಂದ 1.9ನೇ ಆವೃತ್ತಿಯಲ್ಲಿ ಆಟದ ತಯಾರಕರು ಈ ಕುಟ್ಟಾಟಕ್ಕೆ ಕಡಿವಾಣ ಹಾಕಿದರು. ಕತ್ತಿ ಒಮ್ಮೆ ಬೀಸಿದ ಮೇಲೆ ಅರ್ಧ ಸೆಕೆಂಡಿಗೂ ಮೀರಿ ಕಾದರೆ ಮಾತ್ರ ಪೂರ್ತಿ ಬಲ. ಕಾಯದೆ ಕುಟ್ಟಿದರೆ ಏಟು ಪೊಳ್ಳು. ಹಳೆಯ ಕಾಳಗವನ್ನು ಮೆಚ್ಚಿದವರು ಹಿಂದಿನ 1.8ನೇ ಆವೃತ್ತಿಯನ್ನು ಬಿಡಲೇ ಇಲ್ಲ. ಸಿಪಿಎಸ್ ಪೈಪೋಟಿ ಉಳಿದುಕೊಂಡದ್ದು ಮುಖ್ಯವಾಗಿ ಅವರಿಂದಲೇ. ಡ್ರ್ಯಾಗ್ ವಿದ್ಯೆ ಉಪಯೋಗಕ್ಕೆ ಬರುವುದು ಬೇರೆ ಕಡೆ, ಓಡುತ್ತ ಓಡುತ್ತ ಕಾಲಡಿಗೆ ಇಟ್ಟಿಗೆ ಜೋಡಿಸಿ ಸೇತುವೆ ಕಟ್ಟುವಾಗ.

ಗುಂಡಿ ಒತ್ತುವ ಪೈಪೋಟಿ ಮೌಸಿನಿಂದ ಶುರುವಾದದ್ದೂ ಅಲ್ಲ. ಡಗ್ಲಸ್ ಎಂಗೆಲ್‌ಬಾರ್ಟ್ 1964ರ ಹೊತ್ತಿಗೆ ಮರದ ಡಬ್ಬಿಯಲ್ಲಿ ರೂಪಿಸಿ, 1968ರ ಡಿಸೆಂಬರ್ 9ರಂದು ಸಾರ್ವಜನಿಕವಾಗಿ ತೋರಿಸಿದ ಈ ಇಲಿ ಕಚೇರಿ ಕೆಲಸಕ್ಕೆಂದು ಹುಟ್ಟಿದ್ದು. ಪೈಪೋಟಿ ಬೆಳೆದದ್ದು ಆಟದ ಪೆಟ್ಟಿಗೆಗಳಲ್ಲಿ. 1983ರಲ್ಲಿ ಕೊನಾಮಿ ಕಂಪೆನಿಯ ಓಟದ ಆಟವೊಂದರಲ್ಲಿ ಎರಡು ಗುಂಡಿಗಳನ್ನು ಬೇಗ ಬೇಗ ಒತ್ತಿದರೆ ಓಟಗಾರ ವೇಗವಾಗಿ ಓಡುತ್ತಿದ್ದ. ಆಟಗಾರರು ಶಾಲೆಯ ಅಳತೆಪಟ್ಟಿಯನ್ನು ಗುಂಡಿಯ ಮೇಲೆ ಅದುರಿಸಿ ಗೆಲ್ಲುವುದನ್ನು ಬಹುಬೇಗ ಕಂಡುಕೊಂಡರು. ಅದೇ ದಶಕದಲ್ಲಿ ಜಪಾನಿನ ಹಡ್ಸನ್ ಕಂಪೆನಿಯ ನೌಕರ ತೋಶಿಯುಕಿ ತಕಾಹಾಶಿ ಸೆಕೆಂಡಿಗೆ ಹದಿನಾರು ಸಲ ಗುಂಡಿ ಒತ್ತುವವರೆಂದೇ ಮನೆಮಾತಾದರು. 1987ರಲ್ಲಿ ಆ ಕಂಪೆನಿ ಒತ್ತಿದ ಎಣಿಕೆ ತೋರಿಸುವ ಸಣ್ಣ ಯಂತ್ರವನ್ನೇ ಮಕ್ಕಳಿಗೆ ಮಾರಿತು. ಇಂದಿನ ಸಿಪಿಎಸ್ ಪರೀಕ್ಷೆಯ ಅಜ್ಜ ಅದು.

ತಂತಿಯವರ ಕೈ

ಕೈ ಕೆಡುವ ಕತೆ ಇನ್ನೂ ಹಿಂದಿನದು. ಇಟಲಿಯ ವೈದ್ಯ ಬರ್ನಾರ್ದಿನೊ ರಮಜ್ಜೀನಿ ಕಸುಬುದಾರರ ಕಾಯಿಲೆಗಳ ಬಗ್ಗೆ 1700ರಲ್ಲಿ ಒಂದು ಪುಸ್ತಕ ಬರೆದರು. 1713ರಲ್ಲಿ ಅದನ್ನು ಹಿಗ್ಗಿಸಿದಾಗ ಗುಮಾಸ್ತರ ನೋವನ್ನೂ ಸೇರಿಸಿದರು. ದಿನವಿಡೀ ಕುಳಿತಿರುವುದು, ಕೈಯನ್ನು ಒಂದೇ ದಿಕ್ಕಿನಲ್ಲಿ ಬಿಡುವಿಲ್ಲದೆ ಆಡಿಸುವುದು, ಲೆಕ್ಕ ತಪ್ಪೀತೆಂಬ ಮನಸ್ಸಿನ ಒತ್ತಡ, ಇವು ಮೂರೂ ಸೇರಿ ಬಲಗೈಯನ್ನು ಕೆಡಿಸುತ್ತವೆ ಎಂದರು. ಮುನ್ನೂರು ವರ್ಷ ಕಳೆದರೂ ಆ ಮೂರರಲ್ಲಿ ಒಂದನ್ನೂ ತೆಗೆದುಹಾಕುವಂತಿಲ್ಲ. ಮೌಸ್ ಹಿಡಿದ ಹುಡುಗನಿಗೆ ಮೂರೂ ಒಪ್ಪುತ್ತವೆ.

ಬಳಿಕ ತಂತಿ ಬಂತು. ಮೋರ್ಸ್ ಕೀಲಿಯನ್ನು ದಿನಕ್ಕೆ ಸಾವಿರಾರು ಸಲ ಕುಟ್ಟುತ್ತಿದ್ದ ಟೆಲಿಗ್ರಾಫ್ ನೌಕರರ ಕೈ ಸೆಟೆದು, ಬೇಕೆಂದ ಅಕ್ಷರ ಕುಟ್ಟಲಾರದಂತಾಗುತ್ತಿತ್ತು. ಅಮೆರಿಕದ ತಂತಿಯವರು ಅದನ್ನು ‘ಗಾಜಿನ ತೋಳು’ ಎಂದು ಕರೆದರು. ಬ್ರಿಟನ್ 1908ರಲ್ಲಿ ಇದನ್ನು ಪರಿಹಾರ ಕೊಡಬೇಕಾದ ಕಸುಬಿನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಈ ಪೀಡೆಗೆ ಯಂತ್ರದಿಂದಲೇ ಮದ್ದು ಹುಡುಕಿದವರೂ ಇದ್ದರು. ಹೊರೇಸ್ ಮಾರ್ಟಿನ್ ಎಂಬಾತ 1904ರಲ್ಲಿ ಹಕ್ಕು ಪಡೆದ ‘ವೈಬ್ರೊಪ್ಲೆಕ್ಸ್’ ಕೀಲಿಯನ್ನು ಪಕ್ಕಕ್ಕೆ ಒಮ್ಮೆ ತಳ್ಳಿ ಹಿಡಿದರೆ ಸಾಕು, ಒಳಗಿನ ಕಂಪಿಸುವ ಸಲಾಕೆ ಚುಕ್ಕೆಗಳ ಸಾಲನ್ನು ತಾನೇ ಕುಟ್ಟುತ್ತಿತ್ತು. ಇಂದು ಆಟಗಳಲ್ಲಿ ಮೋಸವೆಂದು ನಿಷೇಧಿಸುವ ‘ಆಟೊ ಕ್ಲಿಕ್ಕರ್’ ತಂತ್ರಾಂಶದ ಕೆಲಸವೂ ಇಂಥದ್ದೇ. ಒಂದು ಕಾಲದಲ್ಲಿ ಕೈ ಉಳಿಸಿದ ಉಪಕಾರಿ, ಇನ್ನೊಂದು ಕಾಲದಲ್ಲಿ ಕಳ್ಳ! ಭಾರತದ ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು.

ತಾಲ್ಲೂಕು ಕೇಂದ್ರಗಳಲ್ಲಿ ಬೆರಳಿನ ವೇಗ ಕಲಿಸಿದ ಶಾಲೆಯೆಂದರೆ ಟೈಪಿಂಗ್ ಇನ್‌ಸ್ಟಿಟ್ಯೂಟು. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾದರೆ ಸರ್ಕಾರಿ ನೌಕರಿಯ ಬಾಗಿಲು ಅರ್ಧ ತೆರೆದಂತೆ ಎಂದು ನಂಬಿದ್ದ ಕಾಲ. ಆ ಶಾಲೆಗಳಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿದ್ದವು. ಒಬ್ಬೊಬ್ಬರಿಗೆ ದಿನಕ್ಕೆ ಒಂದೇ ಗಂಟೆ, ಮುಂದಿನ ತಂಡ ಬಾಗಿಲಲ್ಲಿ ಕಾದಿರುತ್ತಿತ್ತು. ಮತ್ತು ಪ್ರತಿ ಸಾಲಿನ ಕೊನೆಗೆ ಗಂಟೆ ‘ಟಿಣ್’ ಎಂದಾಗ ಕೈ ಎತ್ತಿ ಕ್ಯಾರೇಜನ್ನು ತಳ್ಳಲೇಬೇಕಿತ್ತು. ನಿಮಿಷಕ್ಕೆ ಕೆಲವು ಸಲ ಬೆರಳಿಗೆ ಬಿಡುವು, ತೋಳಿಗೆ ಚಲನೆ. ಯಾರೂ ಆರೋಗ್ಯಕ್ಕೆಂದು ಮಾಡಿದ ಏರ್ಪಾಡಲ್ಲ, ಯಂತ್ರದ ಕಟ್ಟಡವೇ ಹಾಗಿತ್ತು. ಕಂಪ್ಯೂಟರ್ ಆ ಗಂಟೆಯನ್ನೂ ತೆಗೆಯಿತು, ಬಿಡುವನ್ನೂ ತೆಗೆಯಿತು. ಹತ್ತು ಬೆರಳು ಹಂಚಿಕೊಳ್ಳುತ್ತಿದ್ದ ಕೆಲಸ ಮೌಸ್ ಬಂದ ಮೇಲೆ ಒಂದೇ ತೋರುಬೆರಳ ಪಾಲಾಯಿತು.

ಆಟದಿಂದಲೇ ಕೈ ಕೆಟ್ಟದ್ದು ವೈದ್ಯ ಪತ್ರಿಕೆಗೆ ಬಂದದ್ದು 1990ರಲ್ಲಿ. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಒಂದು ಪತ್ರ 35 ವರ್ಷದ ಮಹಿಳೆಯೊಬ್ಬರ ಹೆಬ್ಬೆರಳಿನ ನೋವನ್ನು ವಿವರಿಸಿತು. ಆಕೆ ನಿಂಟೆಂಡೊ ಆಟವನ್ನು ಐದು ಗಂಟೆ ಒಂದೇ ಸಮ ಆಡಿದ್ದರು.

ಮಣಿಕಟ್ಟಿನ ಇಕ್ಕಟ್ಟು

ನೋವು ಹುಟ್ಟುವುದು ಎಲ್ಲಿ? ಮಣಿಕಟ್ಟಿನ ಒಳಬದಿಯಲ್ಲಿ ಮೂಳೆ ಮತ್ತು ಬಿಗಿಯಾದ ಪಟ್ಟಿಯ ನಡುವೆ ಕಿರಿದಾದ ಸುರಂಗವೊಂದಿದೆ. ಅದರೊಳಗೆ ಒಂಬತ್ತು ನರಗಟ್ಟುಗಳೂ ಒಂದು ಮುಖ್ಯ ನರವೂ ಒತ್ತೊತ್ತಾಗಿ ಸಾಗುತ್ತವೆ. ನರಗಟ್ಟುಗಳು ತಿಕ್ಕಾಡಿ ಅವುಗಳ ಹೊದಿಕೆ ಊದಿದರೆ ನರ ಅದುಮಿಹೋಗುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತವೆ. ರಾತ್ರಿ ಹೊತ್ತು ಹೆಚ್ಚು. ಊದಿಕೆ ಬೆರಳ ಬುಡದಲ್ಲಾದರೆ ಬಗ್ಗಿಸಿದ ಬೆರಳು ಸಿಕ್ಕಿಕೊಂಡು ‘ಟಕ್’ ಎಂದು ಬಿಚ್ಚಿಕೊಳ್ಳುತ್ತದೆ. ಮೊಣಕೈಯ ಹೊರಬದಿಯಲ್ಲಾದರೆ ನೀರಿನ ಚೊಂಬು ಎತ್ತುವುದೂ ಕಷ್ಟ. ನಾಲ್ಕಾರು ಹಸುಗಳ ಹಾಲು ಕರೆಯುವ ಕೈಗಳಿಗೆ, ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪಿನ ಎಲೆ ಕಡ್ಡಿಗೆ ಕಟ್ಟುವ ಕೈಗಳಿಗೆ ಇಂಥ ನೋವು ಹೊಸತಲ್ಲ.

ನಡುಕದ ಒತ್ತು ಅಪಾಯದ್ದಾಗುವುದು ಇದಕ್ಕೇ. ಎಳೆಯುವ ಸ್ನಾಯು, ಎತ್ತುವ ಸ್ನಾಯು ಎರಡನ್ನೂ ಒಟ್ಟಿಗೆ ಬಿಗಿದರೆ ತಾನೆ ನಡುಕ? ಎರಡು ಎತ್ತುಗಳು ಎದುರುಬದುರು ಜಗ್ಗಿದಂತೆ. ಬಂಡಿ ಅಲುಗಾಡುತ್ತದೆ, ಹಗ್ಗ ಸವೆಯುತ್ತದೆ. ಬಿಗಿದ ಸ್ನಾಯುವಿಗೆ ರಕ್ತದ ಓಡಾಟವೂ ಕಡಿಮೆ. ಅದನ್ನು ಬಾಗಿದ ಮಣಿಕಟ್ಟಿನಲ್ಲಿ, ಮೇಜಿನ ಚೂಪು ಅಂಚಿಗೆ ತೋಳು ಒತ್ತಿಕೊಂಡು, ಗಂಟೆಗಟ್ಟಲೆ ಮಾಡಿದರೆ ಮುಂದಿನದನ್ನು ಊಹಿಸಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮೂರು ಗಂಟೆ ಪೆನ್ನು ಹಿಡಿಯಬೇಕಾದದ್ದೂ ಇದೇ ಮೂರು ಬೆರಳುಗಳು.

ಬಿಗಿತದಿಂದ ವೇಗ ಬರುತ್ತದೆಂಬ ಲೆಕ್ಕ ಆಟದ ಲೋಕದಲ್ಲೇ ತಲೆಕೆಳಗಾದ ಒಂದು ಪ್ರಸಂಗವಿದೆ. 1989ರ ನಿಂಟೆಂಡೊ ಟೆಟ್ರಿಸ್ ಆಟದಲ್ಲಿ ಮೇಲಿನ ಹಂತಗಳಲ್ಲಿ ಇಟ್ಟಿಗೆಗಳು ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತವೆ. ಅವನ್ನು ಪಕ್ಕಕ್ಕೆ ಸರಿಸಲು ನಿಪುಣರು ಹೆಬ್ಬೆರಳನ್ನು ನಡುಗಿಸಿ ಗುಂಡಿ ಕುಟ್ಟುತ್ತಿದ್ದರು. 2018ರ ವಿಶ್ವ ಸ್ಪರ್ಧೆ ಗೆದ್ದ ಜೋಸೆಫ್ ಸೇಲಿಯ ಹೆಸರುವಾಸಿ ವಿದ್ಯೆ ಇದೇ. ಎರಡು ವರ್ಷ ಕಳೆಯುವುದರೊಳಗೆ ಬೇರೊಂದು ಕ್ರಮ ಹೊರಟಿತು. ಹೆಬ್ಬೆರಳನ್ನು ಗುಂಡಿಯ ಮೇಲೆ ಸುಮ್ಮನೆ ಇಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಯಂತ್ರದ ಬೆನ್ನನ್ನು ಒಂದಾದ ಮೇಲೊಂದರಂತೆ ತಟ್ಟುವುದು. ಬೇಸರದಲ್ಲಿ ಮೇಜಿನ ಮೇಲೆ ಬೆರಳಾಡಿಸಿದ ಹಾಗೆ. ಯಾವ ಬೆರಳಿಗೂ ಹೊರೆಯಿಲ್ಲ, ವೇಗ ಮಾತ್ರ ಹಿಂದಿನದಕ್ಕಿಂತ ಹೆಚ್ಚು. 2023ರ ಡಿಸೆಂಬರ್ 21ರಂದು ಅಮೆರಿಕದ 13 ವರ್ಷದ ಹುಡುಗ ವಿಲ್ಲಿಸ್ ಗಿಬ್ಸನ್ ಈ ಕ್ರಮದಿಂದಲೇ 157ನೇ ಹಂತ ಮುಟ್ಟಿ, ಆಟವೇ ಸ್ತಬ್ಧವಾಗಿ ನಿಲ್ಲುವಂತೆ ಮಾಡಿದ.

ರುದ್ರಪಟ್ಟಣದ ಪಾಠ

ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಂಡೆಯಲ್ಲಿ, ರುದ್ರಪಟ್ಟಣವಿದೆ. ಒಂದು ಸಣ್ಣ ಹಳ್ಳಿಯಿಂದ ಇಷ್ಟು ಸಂಗೀತಗಾರರು ಬಂದದ್ದು ಅಪರೂಪ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಪದ್ಮಭೂಷಣ ಪಡೆದರು. ರುದ್ರಪಟ್ಟಣ ಸಹೋದರರ ಹೆಸರಿನಲ್ಲೇ ಊರಿದೆ. ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರವನ್ನು ಕಟ್ಟಿಸಿದರು. ಹಾಡುಗಾರಿಕೆಗೆ ಹೆಸರಾದ ಊರಾದರೂ ಪಿಟೀಲು, ಮೃದಂಗಗಳ ಸದ್ದಿಲ್ಲದೆ ಅಲ್ಲಿ ಕಚೇರಿ ನಡೆದೀತೆ? ಮೌಸಿನ ವಿಷಯದಲ್ಲಿ ಈ ಊರನ್ನು ನೆನೆಯಲು ಕಾರಣವಿದೆ. ಬೆರಳಿನ ವೇಗವನ್ನು ಹಂತಹಂತವಾಗಿ ಕಲಿಸುವ ಪದ್ಧತಿ ಕರ್ನಾಟಕ ಸಂಗೀತದಲ್ಲಿ ಶತಮಾನಗಳಿಂದ ನೆಲೆನಿಂತಿದೆ.

ಮೃದಂಗದವರ ಬಲಗೈಯನ್ನು ನೋಡಬೇಕು. ‘ಕಿಟ’ ಎಂಬ ಎರಡು ಅಕ್ಷರಗಳಿಗೆ ಅವರು ಒಂದೇ ಬೆರಳನ್ನು ಎರಡು ಸಲ ಬಡಿಯುವುದಿಲ್ಲ. ಮಧ್ಯದ ಬೆರಳು ಮತ್ತು ಅದರ ಪಕ್ಕದವು ಕೂಡಿ ಒಂದು ಪೆಟ್ಟು, ತೋರುಬೆರಳು ಇನ್ನೊಂದು. ವೈಣಿಕರ ಬಲಗೈಯೂ ಹಾಗೆಯೇ, ತೋರುಬೆರಳು ಒಮ್ಮೆ, ಮಧ್ಯದ ಬೆರಳು ಒಮ್ಮೆ ತಂತಿಯನ್ನು ಮೀಟುತ್ತದೆ. ಇದು ಚಿಟ್ಟೆ ಒತ್ತೇ ಅಲ್ಲವೆ? ಆಟಗಾರರು ಹೊಸದಾಗಿ ಕಂಡುಕೊಂಡದ್ದನ್ನು ವೀಣೆ ಶೇಷಣ್ಣನವರ ಕಾಲಕ್ಕೂ ಮೊದಲೇ ಮೈಸೂರಿನ ಬೆರಳುಗಳು ಬಲ್ಲವು.

ಕಲಿಸುವ ಕ್ರಮ ಇನ್ನೂ ಮುಖ್ಯ. ಪುರಂದರದಾಸರು ರೂಪಿಸಿದರೆಂದು ಪರಂಪರೆ ಹೇಳುವ ಸರಳೆ ವರಸೆ, ಜಂಟಿ ವರಸೆಗಳನ್ನು ಮೂರು ಕಾಲಗಳಲ್ಲಿ ಅಭ್ಯಾಸ ಮಾಡಿಸುತ್ತಾರೆ. ತಾಳದ ಒಂದು ಎಣಿಕೆಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಮೊದಲ ಕಾಲ ಗಟ್ಟಿಯಾಗದೆ ಎರಡನೆಯದಕ್ಕೆ ಗುರುಗಳು ಬಿಡುವುದಿಲ್ಲ. ಭುಜ ಎತ್ತಿದರೆ, ಮುಖ ಬಿಗಿದರೆ ಅಲ್ಲಿಗೇ ನಿಲ್ಲಿಸಿ ಮತ್ತೆ ಮೊದಲ ಕಾಲ. ಸಿಪಿಎಸ್ ಹುಡುಗರು ಮಾಡುವುದು ಇದರ ತದ್ವಿರುದ್ಧ. ಮೊದಲ ದಿನವೇ ಮೂರನೆಯ ಕಾಲ, ಅದೂ ಹಲ್ಲುಕಚ್ಚಿ.

ಈ ಪದ್ಧತಿಯನ್ನು ಮೌಸಿಗೆ ಇಳಿಸುವುದು ಕಷ್ಟವಲ್ಲ. ತೋಳು ಪೂರ್ತಿ ಮೇಜಿನ ಮೇಲೆ ಒರಗಿರಲಿ, ಮಣಿಕಟ್ಟು ಮೇಲಕ್ಕೂ ಪಕ್ಕಕ್ಕೂ ಬಾಗದೆ ನೇರವಾಗಿರಲಿ. ಮೌಸನ್ನು ಹಿಡಿಯುವುದು ಹಸಿ ಮೊಟ್ಟೆ ಹಿಡಿದಷ್ಟೇ ಬಿಗಿಯಾಗಿ. ಎರಡು ಬೆರಳಿನ ಒತ್ತನ್ನು ಸೆಕೆಂಡಿಗೆ ನಾಲ್ಕರಂತೆ ಶುರುಮಾಡಿ, ಎರಡೂ ಬೆರಳಿನ ಸದ್ದು ಒಂದೇ ತೂಕದಲ್ಲಿ ಕೇಳಿದ ಮೇಲೆ ಆರಕ್ಕೆ, ಎಂಟಕ್ಕೆ ಏರಿಸಬಹುದು. ಸದ್ದು ಏರುಪೇರಾದರೆ ವೇಗ ಕೈ ಮೀರಿದೆ ಎಂದು ಅರ್ಥ. ಒಂದು ಸರದಿ ಹತ್ತು ಸೆಕೆಂಡು ಮಾತ್ರ, ಆಮೇಲೆ ಅದರ ಮೂರು ನಾಲ್ಕು ಪಟ್ಟು ಹೊತ್ತು ಕೈ ಜೋತುಬಿಡಬೇಕು. ಇಂಥ ಹತ್ತು ಹನ್ನೆರಡು ಸರದಿ ದಿನಕ್ಕೆ ಧಾರಾಳವಾಯಿತು. ಚಳಿಗಾಲದ ಬೆಳಗ್ಗೆ ತಣ್ಣಗಿನ ಬೆರಳಿನಲ್ಲಿ ಶುರುಮಾಡುವ ಮುನ್ನ ಕೈ ಉಜ್ಜಿ, ಮುಷ್ಟಿ ಮಡಿಸಿ ಬಿಚ್ಚಿ ಬೆಚ್ಚಗೆ ಮಾಡಿಕೊಳ್ಳುವುದು ಒಳಿತು. ನಡುಕದ ಒತ್ತನ್ನು ಅಭ್ಯಾಸವಾಗಿ ಮಾಡಲೇಬಾರದು. ಕುತೂಹಲಕ್ಕೆ ಒಂದೆರಡು ಸಲ ಮಾಡಿ ನೋಡಿದರೆ ಪ್ರಾಣವೇನೂ ಹೋಗುವುದಿಲ್ಲ. ಡ್ರ್ಯಾಗ್‌ನಲ್ಲಿ ತೋಳಿಗೆ ಶ್ರಮ ಕಡಿಮೆ. ಸವೆಯುವುದು ಬೆರಳ ತುದಿಯ ಚರ್ಮ ಮತ್ತು ಮೌಸಿನ ಮೈ. ಮೊಬೈಲಿನಲ್ಲೇ ಆಡುವವರಿಗೆ, ಹಳ್ಳಿಗಳಲ್ಲಿ ಅವರೇ ಹೆಚ್ಚು, ಹೆಬ್ಬೆರಳಿನ ವಿಷಯದಲ್ಲಿ ಇದೇ ಮಾತು.

ಮೌಸಿನ ಆಯಸ್ಸಿನ ಬಗ್ಗೆಯೂ ಒಂದು ಮಾತು, ದುಡ್ಡು ಕೊಡುವವರು ಅಪ್ಪಂದಿರಾದ್ದರಿಂದ. ಸಾಮಾನ್ಯ ಸ್ವಿಚ್ಚುಗಳು ಒಂದೆರಡು ಕೋಟಿ ಒತ್ತುಗಳಿಗೆ ಬಾಳುತ್ತವೆಂದು ತಯಾರಕರು ಹೇಳುತ್ತಾರೆ. ಸೆಕೆಂಡಿಗೆ ಹತ್ತರಂತೆ ಬಿಡದೆ ಒತ್ತಿದರೆ ಗಂಟೆಗೆ 36,000. ಒಂದು ಕೋಟಿ ಮುಗಿಯಲು 278 ಗಂಟೆ ಸಾಕು. ಆಮೇಲೆ ಒಂದು ಒತ್ತಿಗೆ ಎರಡು ಕ್ಲಿಕ್ ಬೀಳತೊಡಗುತ್ತದೆ. ಬೆಸುಗೆ ಬಲ್ಲ ರಿಪೇರಿಯವರು ಹೆಚ್ಚು ಸವೆಯದ ಬಲ ಗುಂಡಿಯ ಸ್ವಿಚ್ಚನ್ನು ಎಡಕ್ಕೆ ಹಾಕಿಕೊಡುತ್ತಾರೆ.

ಕೈಯ ವಿಷಯದಲ್ಲಿ ಅಂಥ ಅದಲುಬದಲು ಸಾಧ್ಯವಿಲ್ಲದ ಕಾರಣ ಸೂಚನೆಗಳನ್ನು ಬೇಗ ಗುರುತಿಸಬೇಕು. ಆಡಿ ಎದ್ದ ಮೇಲೆ ಅರ್ಧ ಗಂಟೆಯಾದರೂ ತೋಳಿನ ಬಿಗಿತ ಇಳಿಯದಿದ್ದರೆ ಕೆಲವು ದಿನ ನಿಲ್ಲಿಸುವುದು ಲೇಸು. ರಾತ್ರಿ ಜೋಮು ಹಿಡಿದು ಎಚ್ಚರವಾಗುವುದು, ಬೆರಳು ಸಿಕ್ಕಿಕೊಳ್ಳುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು ಕಂಡರೆ ಕಾಯಬಾರದು. ನೋವಿನ ಎಣ್ಣೆ ತಿಕ್ಕಿ ಮತ್ತೆ ಆಟಕ್ಕೆ ಕೂರುವುದು ಎಲ್ಲಕ್ಕಿಂತ ಕೆಟ್ಟದ್ದು. ತಾಲ್ಲೂಕು ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೋಗಿ ತೋರಿಸಬೇಕು. ಮೊದಮೊದಲು ವಿಶ್ರಾಂತಿ, ಮಣಿಕಟ್ಟಿಗೆ ಪಟ್ಟಿ, ಸರಿಯಾದ ವ್ಯಾಯಾಮ, ಇಷ್ಟರಲ್ಲೇ ಬಹಳಷ್ಟು ಮಂದಿಗೆ ಗುಣವಾಗುತ್ತದೆ.

ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ‘ನಿನ್ನ ಕಸುಬೇನು?’ ಎಂಬುದನ್ನೂ ಸೇರಿಸಿಕೊಳ್ಳಿ ಎಂದು ಮುನ್ನೂರು ವರ್ಷದ ಹಿಂದೆ ವೈದ್ಯರಿಗೆ ಹೇಳಿದವರು ಅದೇ ರಮಜ್ಜೀನಿ. ಒಂಬತ್ತನೇ ತರಗತಿಯ ಹುಡುಗ ಆ ಪ್ರಶ್ನೆಗೆ ‘ಏನಿಲ್ಲ ಸಾರ್, ಓದ್ತಾ ಇದೀನಿ’ ಎನ್ನುತ್ತಾನೆ. ಪಕ್ಕದಲ್ಲಿ ಕುಳಿತ ಅಜ್ಜಿಯಾದರೂ ಆ ಟಕಟಕ ಸದ್ದಿನ ಸುದ್ದಿಯನ್ನು ಡಾಕ್ಟರಿಗೆ ಹೇಳಬೇಕು, ದಿನಕ್ಕೆ ಎಷ್ಟು ಹೊತ್ತು ಎಂಬುದನ್ನೂ ಸೇರಿಸಿ.